ಗೆದ್ದ ಕೆಲಸವನ್ನೂ ಬಿಡಿಸಿ ನೋಡಿದೆವು

ವಿಶೇಷ ಶಾಲೆಯ ಮೀಟಿಂಗ್ ಅಂದರೆ ಹೆಚ್ಚಾಗಿ ತೊಂದರೆಗಳದ್ದೇ ಮಾತು. ಯಾವ ಮಗು ಕಚ್ಚಿತು, ಯಾರು ಊಟ ಬಿಟ್ಟರು, ಯಾರ ಕಲಿಕೆ ನಿಂತುಹೋಗಿದೆ. ಅದೂ ಬೇಕು. ಆದರೆ ಚೆನ್ನಾಗಿ ಆದದ್ದನ್ನು ಒಂದು ಚಪ್ಪಾಳೆಯಲ್ಲಿ ಮುಗಿಸಿಬಿಡುತ್ತಿದ್ದೆವು. ಹೊಗಳಿಕೆಯಿಂದ ಪಕ್ಕದ ತರಗತಿಯವರು ಏನು ಕಲಿಯಲು ಸಾಧ್ಯ?

ಇಸ್ರೇಲಿನ ಸಮಾಜಕಾರ್ಯ ತಜ್ಞ ಜೋನಾ ರೋಸೆನ್‌ಫೆಲ್ಡ್ ಅವರ ‘ಯಶಸ್ಸಿನಿಂದ ಕಲಿಕೆ’ ವಿಧಾನ ನಮಗೆ ದಾರಿಯಾಯಿತು. ಒಂದು ಸಲಕ್ಕೆ ಒಂದೇ ಮಗುವಿನ ವಿಷಯ. ಮೊದಲು ಹೇಗಿತ್ತು, ಈಗ ಹೇಗಿದೆ, ನಡುವೆ ಯಾರು ಏನು ಮಾಡಿದರು, ಅದಕ್ಕೆ ತೆತ್ತ ಬೆಲೆ ಏನು, ಇನ್ನೂ ಉಳಿದಿರುವುದೇನು. ಇಷ್ಟನ್ನೇ ಕೇಳುತ್ತೇವೆ.

ಶೌಚಾಲಯದ ಬಾಗಿಲಲ್ಲೇ ಚೀರುತ್ತಿದ್ದ ಒಬ್ಬ ಹುಡುಗ ತಾನೇ ಒಳಗೆ ಹೋಗತೊಡಗಿದ. ಅವನ ಟೀಚರ್ "ತಾಳ್ಮೆಯಿಂದ ಮಾಡಿದೆ" ಅಂದರು. ತಾಳ್ಮೆ ಅಂದರೆ ಏನು ಮಾಡಿದಿರಿ ಅಂತ ಕೇಳಿದೆ. ಮಾತು ಕಮ್ಮಿ ಮಾಡಿ ಚಿತ್ರದ ಕಾರ್ಡ್ ತೋರಿಸಿದ್ದರು, ಬಾಗಿಲ ಹೊರಗೆ ನಿಂತು ಬರೋದನ್ನೇ ಮೊದಲ ಹೆಜ್ಜೆ ಮಾಡಿದ್ದರು. ಆಮೇಲೆ ಆಯಮ್ಮ ಬಾಯಿಬಿಟ್ಟರು: "ಫ್ಲಶ್ ಸದ್ದಿಗೆ ಅವನು ಹೆದರ್ತಾನೆ ಮೇಡಂ. ಅವನನ್ನು ಹೊರಗೆ ಕಳಿಸಿ ನಾನೇ ಫ್ಲಶ್ ಮಾಡ್ತಿದ್ದೆ." ಆ ಮಾತು ಯಾವ ದಾಖಲೆಯಲ್ಲೂ ಇರಲಿಲ್ಲ. ಅವತ್ತಿನಿಂದ ಆಯಮ್ಮ, ಬಸ್ಸಿನ ಸಹಾಯಕರೇ ಮೊದಲು ಮಾತಾಡಬೇಕು ಅಂತ ಮಾಡಿಕೊಂಡೆವು. ಥೆರಪಿಸ್ಟ್ ಮೊದಲು ಮಾತಾಡಿದರೆ ಉಳಿದವರು ಸುಮ್ಮನಾಗಿಬಿಡುತ್ತಾರೆ, ಅಲ್ವಾ?

ಬೆಲೆಯ ಮಾತೂ ಬಂತು. ಆಯಮ್ಮ ಅಲ್ಲಿರುವಷ್ಟು ಹೊತ್ತು ಇನ್ನೊಂದು ಮಗು ಕಾಯಬೇಕಿತ್ತು. ಹಾಗಾಗಿ ಆ ಹೊತ್ತಿಗೆ ಇನ್ನೊಬ್ಬರನ್ನು ಹಾಕಿದೆವು.

ಬರೆದಿಡುವಾಗ "ಪ್ರೀತಿ ತೋರಿಸಿದರು" ಅಂತ ಬರೆಯುವುದಿಲ್ಲ. ಇನ್ನೊಬ್ಬರು ನಾಳೆ ಮಾಡಿ ನೋಡಬಹುದಾದ ಕೆಲಸವನ್ನಷ್ಟೇ ಬರೆಯುತ್ತೇವೆ. ಮಗುವಿನ ಹೆಸರು ಹಾಕುವುದಿಲ್ಲ.

ಇನ್ನೊಂದು ತರಗತಿಯಲ್ಲಿ ಶೌಚಾಲಯಕ್ಕೆ ಹೋಗದ ಒಬ್ಬ ಹುಡುಗಿಗೆ ಅದೇ ಕಾರ್ಡ್ ಕೆಲಸ ಮಾಡಲಿಲ್ಲ. ಆ ಹುಡುಗಿಗೆ ಸದ್ದಿನ ಭಯವೇ ಇರಲಿಲ್ಲ, ಒದ್ದೆ ನೆಲ ಕಾಲಿಗೆ ತಾಗುವುದು ಆಗುತ್ತಿರಲಿಲ್ಲ. ಆದರೆ "ಅಲ್ಲಿ ಮಗುವಿಗೆ ಏನು ಕೇಳಿಸುತ್ತೆ, ಏನು ತಾಗುತ್ತೆ?" ಅನ್ನುವ ಪ್ರಶ್ನೆ ಮೊದಲ ಹುಡುಗನಿಂದಲೇ ಬಂದಿತ್ತು. ನೆಲ ಒರೆಸಿ, ಚಪ್ಪಲಿ ಹಾಕಿಸಿದರು. ಅವಳು ಒಳಗೆ ಹೋದಳು. ಒಂದು ಯಶಸ್ಸಿನಿಂದ ಹಾಗೆ ಎತ್ತಿಕೊಳ್ಳಬೇಕಾದದ್ದು ಇಂಥ ಪ್ರಶ್ನೆಯನ್ನೇ ಅಂತ ನನಗೆ ಗಟ್ಟಿಯಾಗಿ ಅನಿಸುತ್ತದೆ.

ಆ ಹುಡುಗ ಮನೆಯ ಶೌಚಾಲಯಕ್ಕೆ ಇನ್ನೂ ಹೋಗುತ್ತಿಲ್ಲ. ‘ಇನ್ನೂ ಉಳಿದದ್ದು’ ಅಂತ ಬರೆದಿಟ್ಟಿದ್ದೇವೆ. ಮುಂದಿನ ಮೀಟಿಂಗಿಗೆ ಅವನ ತಾಯಿಯನ್ನೂ ಕರೆದಿದ್ದೇವೆ, ಮೊದಲ ಮಾತು ಅವರದ್ದೇ.