ಅಬ್ರುಟ್ಸೊದ ಸಾವಯವ ಕೆಂಪು ವೈನ್, ನಮ್ಮ ದಿನದ ಊಟದ ಜೊತೆ

ನಾವು ಇರುವುದು ಇಟಲಿಯ ಅಬ್ರುಟ್ಸೊ ಪ್ರಾಂತ್ಯದ ಪೆಸ್ಕಾರದಲ್ಲಿ. ಇಲ್ಲಿ ಕೆಂಪು ವೈನ್ ಅಂದರೆ ಹಬ್ಬಕ್ಕೋ ಅತಿಥಿಗಳಿಗೋ ಎತ್ತಿಡುವ ವಸ್ತು ಅಲ್ಲ, ರಾತ್ರಿ ಊಟದ ಪಕ್ಕದಲ್ಲಿ ಇರುವ ಒಂದು ಸಣ್ಣ ಲೋಟ. ನಮ್ಮ ಮನೆಯಲ್ಲೂ ಈಗ ಅದೇ ರೂಢಿ. ನಾನು ತರುವುದು ಹೆಚ್ಚಾಗಿ ಸಾವಯವ ಮೊಂಟೆಪುಲ್ಚಿಯಾನೊ ದಾಬ್ರುಟ್ಸೊ. ಯಾವ ಊಟಕ್ಕೆ ಹೊಂದುತ್ತದೆ, ಯಾವುದಕ್ಕೆ ಇಲ್ಲ ಅಂತ ಗೆಳೆಯರು ಕೇಳುತ್ತಲೇ ಇರುತ್ತಾರೆ, ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ಕೊಳ್ಳುವ ಮಾತು. ಇಲ್ಲಿ ಮೊಂಟೆಪುಲ್ಚಿಯಾನೊ ಅನ್ನುವುದು ದ್ರಾಕ್ಷಿಯ ತಳಿ. ಟಸ್ಕನಿಯಲ್ಲಿ ಅದೇ ಹೆಸರಿನ ಊರಿದೆ, ಅಲ್ಲಿನ ವೀನೊ ನೋಬಿಲೆ ಮಾಡುವುದು ಮುಖ್ಯವಾಗಿ ಸಾಂಜೊವೆಸೆ ದ್ರಾಕ್ಷಿಯಿಂದ. ಎರಡೂ ಬೇರೆ ಬೇರೆ ವೈನ್, ಬೆಲೆಯೂ ಬೇರೆ. ಸಾವಯವ ಹೌದೋ ಅಲ್ಲವೋ ನೋಡಲು ಬಾಟಲಿಯ ಹಿಂದೆ ನಕ್ಷತ್ರಗಳಿಂದ ಮಾಡಿದ ಎಲೆಯ ಗುರುತು ಹುಡುಕಿ. ಯುರೋಪಿನಲ್ಲಿ 2012ರ ಕೊಯ್ಲಿಗೆ ಮುಂಚೆ ‘ಸಾವಯವ ದ್ರಾಕ್ಷಿಯಿಂದ ಮಾಡಿದ ವೈನ್’ ಅಂತ ಮಾತ್ರ ಬರೆಯಬಹುದಿತ್ತು. ಆಮೇಲೆ ವೈನ್ ಮಾಡುವ ರೀತಿಗೂ ನಿಯಮ ಬಂತು. ಸಿಹಿ ಇಲ್ಲದ ಮಾಮೂಲಿ ಕೆಂಪು ವೈನಿನಲ್ಲಿ ಲೀಟರಿಗೆ 150 ಮಿಲಿಗ್ರಾಂ ತನಕ ಸಲ್ಫೈಟ್ (ವೈನ್ ಕೆಡದ ಹಾಗೆ ಹಾಕುವ ವಸ್ತು) ಇರಬಹುದು, ಸಾವಯವದ್ದರಲ್ಲಿ 100ರ ತನಕ ಮಾತ್ರ. ಪೂರ್ತಿ ಇಲ್ಲ ಅಂತ ಅಲ್ಲ, ಕಡಿಮೆ. ತೋಟದಲ್ಲೂ ಬೂಷ್ಟು ತಡೆಯಲು ತಾಮ್ರ, ಗಂಧಕ ಸಿಂಪಡಿಸುತ್ತಾರೆ, ಆದರೆ ತಾಮ್ರಕ್ಕೆ ಮಿತಿ ಇದೆ. ಅಬ್ರುಟ್ಸೊದಲ್ಲಿ ಒಂದು ಕಡೆ ಗ್ರಾನ್ ಸಾಸ್ಸೊ, ಮಯೆಲ್ಲಾ ಬೆಟ್ಟಗಳು, ಇನ್ನೊಂದು ಕಡೆ ಏಡ್ರಿಯಾಟಿಕ್ ಸಮುದ್ರ. ನಡುವೆ ಬೀಸುವ ಗಾಳಿ ಎಲೆಗಳನ್ನು ಬೇಗ ಒಣಗಿಸುತ್ತದೆ, ಬೂಷ್ಟಿನ ಕಾಟ ತಗ್ಗುತ್ತದೆ. ಇಂಥ ಜಾಗದಲ್ಲಿ ಸಾವಯವ ಬೇಸಾಯ ಅಷ್ಟು ಕಷ್ಟವಲ್ಲ. ನಾನು ಸಾವಯವ ಕೊಳ್ಳುವುದು ಆ ಮಣ್ಣಿಗಾಗಿ, ಅಲ್ಲಿ ದುಡಿಯುವವರಿಗಾಗಿ. ರುಚಿ ಮಾತ್ರ ಮಾಡುವವರ ಕೈಯಲ್ಲೇ ಇದೆ.

ದಿನದ ಊಟಕ್ಕೆ ‘ರಿಸೆರ್ವಾ’, ಅಂದರೆ ಹೆಚ್ಚು ಕಾಲ ಇಟ್ಟು ಹದಗೊಳಿಸಿದ ವೈನ್, ಬೇಡ. ಮರದ ಪೀಪಾಯಿಯ ವಾಸನೆ ಜೋರಾಗಿರುವ ವೈನ್ ಸಾದಾ ಪಾಸ್ಟಾವನ್ನು ಮುಚ್ಚಿಬಿಡುತ್ತದೆ. ಸ್ಟೀಲ್ ಅಥವಾ ಸಿಮೆಂಟ್ ತೊಟ್ಟಿಯಲ್ಲಿ ಮಾಡಿದ, ಎರಡು ಮೂರು ವರ್ಷದೊಳಗಿನ ಬಾಟಲಿ ಸಾಕು.

ಈ ವೈನಿಗೆ ಬಣ್ಣ ದಟ್ಟ, ಹಣ್ಣಿನ ರುಚಿ ಜಾಸ್ತಿ, ಕೊನೆಗೆ ನಾಲಿಗೆಯ ಮೇಲೆ ಎಳೆ ಅಡಿಕೆ ಜಗಿದ ಹಾಗೆ ಒಂದಿಷ್ಟು ಒಗರು. ಈ ಒಗರನ್ನು ಏನು ಮಾಡುತ್ತೀರಿ ಅನ್ನುವುದೇ ಇಲ್ಲಿನ ಎಲ್ಲ ವಿಷಯ. ಕೊಬ್ಬು, ಪ್ರೋಟೀನ್, ಉಪ್ಪು ಸಿಕ್ಕರೆ ಒಗರು ಮೆತ್ತಗಾಗುತ್ತದೆ. ಖಾರ ಸಿಕ್ಕರೆ ಉರಿ ಏಳುತ್ತದೆ.

ಇಲ್ಲಿನವರು ಇದನ್ನು ಅರೊಸ್ತಿಚಿನಿ ಜೊತೆ ಕುಡಿಯುತ್ತಾರೆ, ಅಂದರೆ ಕಡ್ಡಿಗೆ ಚುಚ್ಚಿ ಕೆಂಡದ ಮೇಲೆ ಸುಟ್ಟ ಕುರಿ ಮಾಂಸದ ಸಣ್ಣ ತುಂಡುಗಳು. ಕುರಿಯ ಕೊಬ್ಬು, ಉಪ್ಪು, ಹೊಗೆ, ಇಷ್ಟೇ. ಇದಕ್ಕಿಂತ ಒಳ್ಳೆ ಜೋಡಿ ನನಗೆ ಗೊತ್ತಿಲ್ಲ. ಮಾಂಸ ಬೇಡದವರಿಗೆ ಪಲ್ಲೊತ್ತೆ ಕಾಚೊ ಎ ಓವೆ ಇದೆ. ಹಳೆ ಬ್ರೆಡ್, ಚೀಸ್, ಮೊಟ್ಟೆ ಕಲಸಿ ಉಂಡೆ ಕಟ್ಟಿ, ಕರಿದು, ಟೊಮೆಟೊ ಸಾಸಿನಲ್ಲಿ ಕುದಿಸುತ್ತಾರೆ. ಟೊಮೆಟೊದ ಹುಳಿಗೆ ವೈನಿನಲ್ಲೂ ಹುಳಿ ಬೇಕು, ಇಲ್ಲದಿದ್ದರೆ ವೈನ್ ಸಪ್ಪೆ ಅನ್ನಿಸುತ್ತದೆ. ಇದರಲ್ಲಿ ಸಾಕಷ್ಟಿದೆ. ವಾರದ ದಿನಗಳಲ್ಲಿ ನಾನು ಮಾಡುವುದು ಬೇಳೆಕಾಳಿನ ಸೂಪು, ಅದರಲ್ಲೂ ಸಾಂತೊ ಸ್ತೆಫಾನೊ ದಿ ಸೆಸ್ಸಾನಿಯೊ ಹಳ್ಳಿಯ ಸಣ್ಣ ಕಡು ಕಂದು ಮಸೂರದ್ದು. ಮೇಲೆ ಒಳ್ಳೆ ಆಲಿವ್ ಎಣ್ಣೆ ಧಾರಾಳವಾಗಿ ಸುರಿಯಿರಿ, ಆ ಎಣ್ಣೆ ಇಲ್ಲದೆ ವೈನ್ ಒರಟಾಗುತ್ತದೆ.

ನಮ್ಮ ಊರಿನ ಅಡುಗೆ? ಸಾರು, ಹುಣಸೆ ಹಾಕಿದ ಹುಳಿ ಜೊತೆ ಬೇಡ್ವೇ ಬೇಡ. ಖಾರ ಮತ್ತು ಹುಣಸೆ ಸೇರಿ ವೈನನ್ನು ಕಹಿ ಮಾಡುತ್ತವೆ. ಬದನೆಕಾಯಿ ಎಣ್ಣೆಗಾಯಿಗೆ ಖಾರ, ಹುಣಸೆ ಎರಡನ್ನೂ ಅರ್ಧ ಮಾಡಿದರೆ ಚೆನ್ನಾಗಿ ಹೊಂದುತ್ತದೆ. ಶೇಂಗಾ, ಎಳ್ಳು, ಎಣ್ಣೆ ಇವೆಲ್ಲ ಒಗರನ್ನು ಹಿಡಿದುಕೊಳ್ಳುತ್ತವೆ, ಅಲ್ವಾ? ಖಾರ ಬಿಡಲು ಮನಸ್ಸಿಲ್ಲದ ದಿನ ಚೆರಸುವೊಲೊ ದಾಬ್ರುಟ್ಸೊ ತರುತ್ತೇನೆ. ಅದೇ ದ್ರಾಕ್ಷಿ, ಆದರೆ ಸಿಪ್ಪೆಯ ಜೊತೆ ಸ್ವಲ್ಪ ಹೊತ್ತು ಮಾತ್ರ ನೆನೆಸಿದ್ದು. ತಣ್ಣಗೆ ಕುಡಿಯಬಹುದು, ಒಗರು ತೀರ ಕಡಿಮೆ.

ಚೀಸ್ ವಿಷಯದಲ್ಲಿ ನನ್ನ ಅಭಿಪ್ರಾಯ ಗಟ್ಟಿ: ಕುರಿ ಹಾಲಿನ ಪೆಕೊರಿನೊ, ಅದೂ ಎಳೆಯದೂ ಅಲ್ಲದ ತೀರ ಹಳೆಯದೂ ಅಲ್ಲದ ಚೀಸ್. ತೀರ ಎಳೆಯದು ಹಾಲು ಹಾಲಾಗಿರುತ್ತದೆ, ತೀರ ಹಳೆಯದಾದರೆ ಉಪ್ಪು ವೈನನ್ನು ತುಳಿಯುತ್ತದೆ. ಪಾರ್ಮಿಜಾನೊ ರೆಜ್ಜಾನೊ ಕೂಡ ಚೆನ್ನ. ಕನಿಷ್ಠ 12 ತಿಂಗಳು ಇಟ್ಟೇ ಮಾರುತ್ತಾರೆ, ನಾನು 24 ತಿಂಗಳಿನದ್ದು ಕೊಳ್ಳುತ್ತೇನೆ. ಹುರಿದ ಸ್ಕಮೋರ್ಸಾ ಇನ್ನೊಂದು, ಕಾವಲಿಯ ಮೇಲೆ ಎರಡೂ ಕಡೆ ಕೆಂಪಗೆ ಮಾಡಿ ಬಿಸಿಬಿಸಿ ತಿನ್ನಬೇಕು. ಮೊಜ್ಜರೆಲ್ಲಾಗೆ ಮಾತ್ರ ಈ ವೈನ್ ಬೇಡ, ಅದರ ಮೃದು ರುಚಿ ಪೂರ್ತಿ ಕಳೆದುಹೋಗುತ್ತದೆ. ನೀಲಿ ಬೂಷ್ಟಿನ, ರುಚಿ ತೀಕ್ಷ್ಣವಾದ ಗೊರ್ಗೊಂಜೋಲಾ ಚೀಸ್ ಜೊತೆ ಬಾಯಲ್ಲಿ ಲೋಹದಂಥ ಕಹಿ ಉಳಿಯುತ್ತದೆ.

ಸಸ್ಯಾಹಾರಿಗಳು ಒಂದು ವಿಷಯ ಗಮನಿಸಿ. ಪಾರ್ಮಿಜಾನೊಗೆ ಹಾಲು ಒಡೆಯಲು ಕರುವಿನ ಹೊಟ್ಟೆಯ ರೆನೆಟ್ ಬಳಸುತ್ತಾರೆ. ಅಬ್ರುಟ್ಸೊದ ಹೆಸರಾಂತ ಪೆಕೊರಿನೊ ದಿ ಫರಿಂಡೊಲಾಗೆ ಹಂದಿಯದ್ದು. ಗಿಡದಿಂದ ತೆಗೆದ ರೆನೆಟ್ ಬಳಸಿದ ಚೀಸೂ ಇದೆ, ‘ಕಾಲ್ಯೊ ವೆಜೆತಾಲೆ’ ಅಂತ ಕೇಳಿ. ವೈನನ್ನು ತಿಳಿಯಾಗಿಸಲು ಮೊಟ್ಟೆಯ ಬಿಳಿ ಬಳಸುವುದುಂಟು, ಸಾವಯವದಲ್ಲೂ ಅದಕ್ಕೆ ಅನುಮತಿ ಇದೆ. ಅದೂ ಬೇಡ ಅಂದರೆ ‘ವೀಗನ್’ ಅಂತ ಬರೆದ ಬಾಟಲಿ ತೆಗೆದುಕೊಳ್ಳಿ.

ಕುಡಿಯುವಾಗ 16ರಿಂದ 18 ಡಿಗ್ರಿ ಇದ್ದರೆ ಒಳ್ಳೆಯದು. ಬೇಸಿಗೆಯಲ್ಲಿ ಊಟಕ್ಕೆ ಅರ್ಧ ಗಂಟೆ ಮೊದಲು ಫ್ರಿಜ್‌ನಲ್ಲಿಡುತ್ತೇನೆ, ಬಿಸಿಯಾದರೆ ಸುಮ್ನೆ ಆಲ್ಕೋಹಾಲ್ ಮಾತ್ರ ಮೂಗಿಗೆ ಹೊಡೆಯುತ್ತದೆ. ಬಾಟಲಿ ಉಳಿದರೆ ಬಿರಡೆ ಹಾಕಿ ಫ್ರಿಜ್‌ಗೆ, ಎರಡು ಮೂರು ದಿನ ಇರುತ್ತದೆ. ಆಮೇಲೂ ಉಳಿದದ್ದನ್ನು ಈರುಳ್ಳಿ ಹುರಿಯುವಾಗ ಬಾಣಲೆಗೆ ಸುರಿದು, ವೈನ್ ಆವಿಯಾಗಿ ಇಂಗಿದ ಮೇಲೆ ಟೊಮೆಟೊ ಹಾಕಿ ಮರುದಿನದ ಸಾಸ್ ಮಾಡುತ್ತೇನೆ.