ಈಸ್ಟರ್ ಹಬ್ಬಕ್ಕೆ ಹಾಡು ಆರಿಸುವುದು, ಕಲಿಸುವುದು, ಸಭೆಯಿಂದ ಹಾಡಿಸುವುದು

ಈಸ್ಟರ್ ಹಾಡುಗಳ ಪಟ್ಟಿ ಹಬ್ಬದ ಹಿಂದಿನ ವಾರ ಕೂತು ಬರೆಯುವಂಥದ್ದಲ್ಲ. ಲೆಂಟ್ ಕಾಲ, ಅಂದರೆ ಈಸ್ಟರ್‌ಗೆ ಮುಂಚಿನ ಉಪವಾಸದ ವಾರಗಳು, ಶುರುವಾಗುವ ಮುಂಚೆಯೇ ಅದು ಸಿದ್ಧವಾಗಿರಬೇಕು. ನಾನು ಧಾರವಾಡದ ಒಂದು ಕನ್ನಡ ಸಭೆಯಲ್ಲಿ ಹಾರ್ಮೋನಿಯಂ ನುಡಿಸುತ್ತೇನೆ, ಕ್ವಾಯರ್ ನಡೆಸುತ್ತೇನೆ. ಸುತ್ತಮುತ್ತಲಿನ ಹಳ್ಳಿಯ ಸಭೆಗಳಿಂದ "ಅಕ್ಕಾರ, ಈಸ್ಟರ್‌ಗೆ ಯಾವ ಹಾಡ ಇಟ್ಕೊಳ್ಳೋಣ್ರಿ?" ಅಂತ ಫೋನ್ ಬರುತ್ತಿರುತ್ತದೆ. ಅವರಿಗೆ ಹೇಳುವುದನ್ನೇ ಇಲ್ಲಿ ಸ್ವಲ್ಪ ವಿವರವಾಗಿ ಬರೆದಿದ್ದೇನೆ.

ಮೊದಲು ಒಂದು ಮಾತು ಮನಸ್ಸಿನಲ್ಲಿ ಗಟ್ಟಿಯಾಗಲಿ. ಪುನರುತ್ಥಾನದ, ಅಂದರೆ ಯೇಸು ಸಾವಿನಿಂದ ಎದ್ದುಬಂದದ್ದರ, ಹಾಡು ಸಭೆಯದು. ಕ್ವಾಯರ್ ಚೆನ್ನಾಗಿ ಹಾಡಿತು, ಜನ ಚೆನ್ನಾಗಿ ಕೇಳಿದರು ಅಂದರೆ ಹಬ್ಬ ಅರ್ಧವಾದ ಹಾಗೆ. ಓದಲು ಬಾರದ ಅಜ್ಜಿಯ ಬಾಯಲ್ಲೂ ಆ ಬೆಳಿಗ್ಗೆ ಹಾಡು ಇರಬೇಕು. ಹಾಡು ಆರಿಸುವಾಗ ನಾನು ನೋಡುವುದು ಇದನ್ನೇ.

ದಿನ ಲೆಕ್ಕ ಹಾಕಿಕೊಳ್ಳುವುದು ಸುಲಭ. ಮಾರ್ಚ್ 21 ಅಥವಾ ಅದರ ನಂತರ ಬರುವ ಹುಣ್ಣಿಮೆ ಕಳೆದ ಮೊದಲ ಭಾನುವಾರವೇ ಈಸ್ಟರ್. ಹಾಗಾಗಿ ಅದು ಮಾರ್ಚ್ 22ಕ್ಕಿಂತ ಮುಂಚೆ ಬರುವುದಿಲ್ಲ, ಏಪ್ರಿಲ್ 25 ದಾಟುವುದೂ ಇಲ್ಲ. 2027ರಲ್ಲಿ ಮಾರ್ಚ್ 28ಕ್ಕೇ ಬರುತ್ತದೆ, ಲೆಂಟ್ ಶುರುವಾಗುವ ಬೂದಿ ಬುಧವಾರ ಫೆಬ್ರವರಿ 10ಕ್ಕೆ. ಅಂಥ ವರ್ಷ ಕ್ರಿಸ್‌ಮಸ್ ನಕ್ಷತ್ರ ಇಳಿಸಿದ ಕೂಡಲೇ ಈಸ್ಟರ್ ಅಭ್ಯಾಸ ಹಿಡಿಯಬೇಕಾಗುತ್ತದೆ. ಯಾಕೆಂದರೆ ಲೆಂಟ್ ಕಾಲದಲ್ಲಿ ಆರಾಧನೆಯಲ್ಲಿ "ಹಲ್ಲೆಲೂಯಾ" ಹಾಡದಿರುವುದು ಪಾಶ್ಚಾತ್ಯ ಸಭೆಗಳ ಬಹಳ ಹಳೆಯ ಪದ್ಧತಿ. ನಾವೂ ಅದನ್ನು ಪಾಲಿಸುತ್ತೇವೆ. ಅಷ್ಟು ವಾರ ತಡೆದಿಟ್ಟ ಆ ಮಾತು ಹಬ್ಬದ ಬೆಳಿಗ್ಗೆ ಬಾಯಿಗೆ ಬಂದಾಗ ಜನರ ದನಿಯೇ ಬೇರೆ. ನಿಮ್ಮ ಸಭೆಯಲ್ಲಿ ಈ ರೂಢಿ ಇಲ್ಲದಿದ್ದರೆ ಸಭಾಪಾಲಕರ ಹತ್ತಿರ ಮಾತಾಡಿ ಈ ವರ್ಷ ಶುರುಮಾಡಿ. ಹೊಸ ಹಾಡು ಕೊಳ್ಳುವುದಕ್ಕಿಂತ ಇದರಿಂದ ಹೆಚ್ಚು ಲಾಭವಿದೆ.

ಇನ್ನು ಹಾಡುಗಳ ಕ್ರಮ. ಸುವಾರ್ತೆಗಳನ್ನು ಓದಿ ನೋಡಿ. ಹೆಂಗಸರು ಕತ್ತಲಿರುವಾಗಲೇ ಸಮಾಧಿಗೆ ಹೊರಟರು, ಮಗ್ದಲದ ಮರಿಯ ಅಳುತ್ತಾ ನಿಂತಿದ್ದಳು, ಶಿಷ್ಯರು ಮೊದಲು ನಂಬಲೇ ಇಲ್ಲ. ಸಂತೋಷ ನಿಧಾನವಾಗಿ ಬಂತು. ಆದ್ದರಿಂದ ಮೊದಲ ಹಾಡಿಗೇ ಡ್ರಮ್ ಬಾರಿಸಿ ಜಯಘೋಷ ಮಾಡಬೇಡಿ. ಕತ್ತಲಲ್ಲಿ ಶುರುವಾಗಿ ಬೆಳಕಿಗೆ ಬರುವ ಹಾಗೆ ಹಾಡುಗಳನ್ನು ಜೋಡಿಸಿ.

ನಮ್ಮಲ್ಲಿ ಮೊದಲ ಆರಾಧನೆ ನಸುಕಿನಲ್ಲಿ, ಸ್ಮಶಾನದಲ್ಲಿ. 1732ರಲ್ಲಿ ಜರ್ಮನಿಯ ಹೆರ್ನ್‌ಹೂಟ್ ಎಂಬ ಊರಿನಲ್ಲಿ ಮೊರೇವಿಯನ್ ಸಭೆಯ ಯುವಕರು ಈಸ್ಟರ್ ಬೆಳಗಿನ ಜಾವ ತಮ್ಮವರ ಸಮಾಧಿಗಳ ನಡುವೆ ಕೂಡಿ ಹಾಡಿದರು. ಸೂರ್ಯೋದಯದ ಆರಾಧನೆ ಹಬ್ಬಿದ್ದು ಅಲ್ಲಿಂದ. ತೀರಿಹೋದ ಅಪ್ಪ ಅಮ್ಮನ ಕಲ್ಲಿನ ಪಕ್ಕ ನಿಂತು ಹಾಡುವಾಗ ಹಾಡಿನ ಮಾತಿಗೆ ಬರುವ ತೂಕ ಗುಡಿಯೊಳಗೆ, ಅಂದರೆ ಚರ್ಚಿನೊಳಗೆ, ಬರುವುದಿಲ್ಲ. ಇಲ್ಲಿಗೆ ನಾನು ಇಡುವುದು ಜರ್ಮನ್ ಕೀರ್ತನೆಯ ಪರಂಪರೆಯ ಒಂದು ಹಾಡು: "ಯೇಸು ಜೀವಿಸುತ್ತಾನೆ, ಆತನೊಂದಿಗೆ ನಾನೂ" ಎಂಬರ್ಥದಲ್ಲಿ ಶುರುವಾಗುವ ಗೆಲ್ಲರ್ಟ್‌ನ ಕೀರ್ತನೆ, 1757ರದ್ದು. ಜರ್ಮನಿಯಲ್ಲಿ ಇದನ್ನು ಹಾಡುವ ರಾಗ ಇನ್ನೂ ಹಳೆಯದು, ಹದಿನೇಳನೇ ಶತಮಾನದ್ದು. ಆ ರಾಗದ ಮೂಲ ಕೀರ್ತನೆಯನ್ನು ಶವಸಂಸ್ಕಾರದಲ್ಲೂ ಹಾಡುತ್ತಾರೆ, ಈಸ್ಟರ್‌ಗೂ ಹಾಡುತ್ತಾರೆ. ಬಾಸೆಲ್ ಮಿಷನ್ 1834ರಲ್ಲಿ ಮಂಗಳೂರಿಗೆ, 1837ರಲ್ಲಿ ಧಾರವಾಡಕ್ಕೆ ಬಂದಾಗ ಇಂಥ ಜರ್ಮನ್ ರಾಗಗಳೂ ಜೊತೆಗೇ ಬಂದವು. ಹಳೆಯ ಸಂಗೀತ ಪುಸ್ತಕಗಳಲ್ಲಿ ಹುಡುಕಿದರೆ ನಿಮಗೂ ಸಿಗುತ್ತವೆ. ನಿಧಾನ ಗತಿ, ಸಣ್ಣ ಸಣ್ಣ ಸಾಲು. ಕತ್ತಲಲ್ಲಿ ಪುಸ್ತಕ ನೋಡದೆ ಹಾಡಲು ಅನುಕೂಲ.

ನಸುಕಿಗೆ ನಮ್ಮದೇ ರಾಗಗಳೂ ಇವೆ. ಭೈರವ್ ಬೆಳಗಿನ ಜಾವದ ರಾಗ. ಅದರ ಕೋಮಲ ರಿಷಭ, ಕೋಮಲ ಧೈವತಕ್ಕೆ ಸಮಾಧಿಯ ಮುಂದಿನ ಗಾಂಭೀರ್ಯ ತಾನಾಗಿ ಕೂಡುತ್ತದೆ. ಮತ್ತಾಯನ ಸುವಾರ್ತೆಯ 28ನೇ ಅಧ್ಯಾಯದ ಮೊದಲ ವಚನಗಳನ್ನು ಯಾರಾದರೂ ಓದುತ್ತಿರುವಾಗ ಹಿಂದೆ ಭೈರವ್‌ನಲ್ಲಿ ಸಣ್ಣಗೆ ಸ್ವರ ಹಿಡಿದುಕೊಳ್ಳಿ. "ಆತನು ಇಲ್ಲಿಲ್ಲ, ಎದ್ದಿದ್ದಾನೆ" ಎಂಬಲ್ಲಿಗೆ ಬಂದಾಗ ದೇಶಕಾರ್‌ಗೆ ಹೊರಳಿ ಒಂದು ಭಜನೆ ಎತ್ತಿಕೊಳ್ಳಿ. ದೇಶಕಾರ್‌ಗೂ ಭೂಪ್‌ಗೂ ಸ್ವರ ಐದೂ ಅವೇ, ಆದರೆ ಭೂಪ್ ಸಂಜೆಯದು, ದೇಶಕಾರ್ ಬೆಳಗಿನದು, ಧೈವತದ ಮೇಲೆ ನಿಲ್ಲುವಂಥದ್ದು. ಬೆಂಗಳೂರು, ಮೈಸೂರಿನ ಕಡೆಯವರು ಇದೇ ಕೆಲಸವನ್ನು ಕರ್ನಾಟಕ ಸಂಗೀತದ ಬೌಳಿ ರಾಗದಿಂದ ಮೋಹನಕ್ಕೆ ಹೋಗಿ ಮಾಡಬಹುದು. ಕ್ರಿಸ್ತನ ಚರಿತ್ರೆಯನ್ನು ದೇಸಿ ಧಾಟಿಯಲ್ಲಿ ಹೇಳುವುದು ಹೊಸತೇನಲ್ಲ, ನಿಘಂಟಿನ ಕಿಟ್ಟೆಲ್ ಅವರೇ "ಕಥಾಮಾಲೆ"ಯಲ್ಲಿ ಯೇಸುವಿನ ಕಥೆಯನ್ನು ನಮ್ಮ ಛಂದಸ್ಸಿನಲ್ಲಿ ಬರೆದರು. ತಬಲಾ, ತಾಳ ಸಾಕು. ಕೀಬೋರ್ಡ್ ಬೇಕೇ ಬೇಕೆಂದರೆ ಬ್ಯಾಟರಿ ಹಾಕಿ ಹಿಂದಿನ ರಾತ್ರಿಯೇ ಪರೀಕ್ಷೆ ಮಾಡಿಡಿ.

ಶ್ರುತಿ ಬಗ್ಗೆ ಇಲ್ಲೇ ಹೇಳಿಬಿಡುತ್ತೇನೆ, ಏಕೆಂದರೆ ಸಭೆ ಬಾಯಿ ಮುಚ್ಚಿಕೊಳ್ಳುವುದಕ್ಕೆ ದೊಡ್ಡ ಕಾರಣ ಇದೇ. ಬೆಳಗಿನ ಜಾವ ಗಂಟಲು ತೆರೆದಿರುವುದಿಲ್ಲ. ಇಂಗ್ಲಿಷ್ ಪುಸ್ತಕದಲ್ಲಿ ಸಿ ಮೇಜರ್ ಎಂದಿದ್ದರೆ, ಅಂದರೆ ಹಾರ್ಮೋನಿಯಂನ ಮೊದಲ ಬಿಳಿ ಮನೆ, ಬಿಳಿ ಒಂದು, ಅದನ್ನು ಕೆಳಗಿನ ಐದನೆಯ ಕಪ್ಪು ಮನೆಗೆ, ಕಪ್ಪು ಐದಕ್ಕೆ, ಇಳಿಸಿ. ನಮ್ಮ ತಬಲಾದ ತಮ್ಮ ಪ್ರತಿ ಅಭ್ಯಾಸದಲ್ಲೂ ಹೇಳುತ್ತಾನೆ, "ಅಕ್ಕಾರ, ಇನ್ನೊಂಚೂರು ಇಳಸ್ರಿ, ಹಿಂದ ಕುಂತ ಮಂದಿಗೆ ದನಿ ಮುಟ್ಟಂಗಿಲ್ಲ." ಅವನ ಮಾತು ಸರಿ. ಕ್ವಾಯರ್‌ನ ಹುಡುಗಿಯರಿಗೆ ಯಾವುದು ಹಿತವೋ ಅದಲ್ಲ, ಹಿಂದಿನ ಬೆಂಚಿನ ಗಂಡಸರಿಗೆ ಯಾವುದು ಮುಟ್ಟುತ್ತದೋ ಅದೇ ಸರಿಯಾದ ಶ್ರುತಿ.

ಗುಡಿಗೆ ಬಂದ ಮೇಲಿನ ಹಾಡುಗಳಲ್ಲಿ ನನಗೆ ಎಲ್ಲಕ್ಕಿಂತ ಪ್ರಿಯವಾದದ್ದು ರಾಬರ್ಟ್ ಲೌರಿ 1874ರಲ್ಲಿ ಬರೆದ "ಲೋ ಇನ್ ದ ಗ್ರೇವ್ ಹಿ ಲೇ". ಮಾತು, ರಾಗ ಎರಡೂ ಅವರವೇ. ಇದನ್ನು ಕನ್ನಡದಲ್ಲಿ ಹಾಡಿಸುವಾಗ ಎಲ್ಲಾ ಸಭೆಗಳೂ ಎಡವುವುದು ಒಂದೇ ಕಡೆ: ಚರಣವನ್ನೂ ಪಲ್ಲವಿಯನ್ನೂ ಒಂದೇ ವೇಗದಲ್ಲಿ ಹಾಡುತ್ತಾರೆ. ಚರಣ ಸಮಾಧಿಯೊಳಗಿನದು. ಯೇಸು ಅಲ್ಲಿ ಮಲಗಿದ್ದಾನೆ, ಕಾವಲಿದೆ, ಮುದ್ರೆ ಹಾಕಿದ್ದಾರೆ. ಅದನ್ನು ತಗ್ಗಿದ ದನಿಯಲ್ಲಿ, ತಾಳವಾದ್ಯ ಇಲ್ಲದೆ, ಎಳೆದ ಗತಿಯಲ್ಲಿ ಹಾಡಿ. ಚರಣ ಮುಗಿದ ಮೇಲೆ ಒಂದು ಉಸಿರಿನಷ್ಟು ಪೂರ್ತಿ ನಿಲ್ಲಿ, ಹಾರ್ಮೋನಿಯಂ ಕೂಡ ನಿಲ್ಲಲಿ. ಆಮೇಲೆ ಪಲ್ಲವಿ ಮೆಟ್ಟಿಲು ಹತ್ತಿದ ಹಾಗೆ ಕೆಳಗಿನ ಸ್ವರದಿಂದ ಮೇಲಕ್ಕೆ ಏರುತ್ತದೆ. ಅಲ್ಲಿ ಗತಿ ಹೆಚ್ಚಿಸಿ, ಡೋಲಕ್ ಸೇರಿಸಿ. ಪಲ್ಲವಿಯಲ್ಲಿ "ಎದ್ದನು" ಎಂಬರ್ಥದ ತುಂಡು ಬಂದಾಗ ಅದನ್ನು ಗಂಡಸರು ಮಾರುದನಿಯಾಗಿ ಮತ್ತೆ ಹೇಳಬೇಕು, ಮೂಲದಲ್ಲೇ ಹಾಗಿದೆ. ಕ್ವಾಯರ್‌ನ ಗಂಡಸರು ನಾಲ್ಕೇ ಜನ ಇದ್ದರೂ ಪರವಾಗಿಲ್ಲ, ಅವರನ್ನು ಮುಂದೆ ನಿಲ್ಲಿಸದೆ ಗುಡಿಯ ಹಿಂಬದಿಯಲ್ಲಿ ಚದುರಿಸಿ ಕೂರಿಸಿ. ಅಕ್ಕಪಕ್ಕದವರು ಎರಡನೆಯ ಚರಣದ ಹೊತ್ತಿಗೆ ತಾವೇ ಸೇರಿಕೊಳ್ಳುತ್ತಾರೆ. ಅಭ್ಯಾಸದಲ್ಲಿ ಪಲ್ಲವಿಗಿಂತ ಆ ನಿಲ್ಲುವ ಜಾಗಕ್ಕೆ ಹೆಚ್ಚು ಹೊತ್ತು ಕೊಡಿ. ಎಲ್ಲರೂ ಒಟ್ಟಿಗೆ ನಿಂತು ಒಟ್ಟಿಗೆ ಎದ್ದರೆ ಹಾಡು ತನ್ನ ಕೆಲಸ ಮಾಡುತ್ತದೆ.

ಮೆರವಣಿಗೆಯಲ್ಲಿ ಒಳಬರಲು ಚಾರ್ಲ್ಸ್ ವೆಸ್ಲಿಯ "ಕ್ರೈಸ್ಟ್ ದ ಲಾರ್ಡ್ ಈಸ್ ರಿಸನ್ ಟುಡೇ" ಇರಲಿ. 1739ರಲ್ಲಿ ಅಚ್ಚಾದ ಕೀರ್ತನೆ, ರಾಗ ಅದಕ್ಕೂ ಹಳೆಯದು, 1708ರ ಒಂದು ಲಂಡನ್ ಪುಸ್ತಕದ್ದು. ಪ್ರತಿ ಸಾಲಿನ ಕೊನೆಗೆ ಬರುವ ಹಲ್ಲೆಲೂಯಾ ವೆಸ್ಲಿ ಬರೆದದ್ದಲ್ಲ, ರಾಗಕ್ಕೆ ಕೂರಿಸಲು ನಂತರದವರು ಸೇರಿಸಿದ್ದು. ಹಾಗೆ ಸೇರಿಸಿದ್ದು ನಮಗಂತೂ ವರವಾಯಿತು. ಸಾಲನ್ನು ಕ್ವಾಯರ್ ಹಾಡಲಿ, ಹಲ್ಲೆಲೂಯಾವನ್ನು ಇಡೀ ಸಭೆ ಹಾಡಲಿ. ಪುಸ್ತಕ ಓದಲಾಗದವರು, ಚಿಕ್ಕ ಮಕ್ಕಳು, ಹೊಸದಾಗಿ ಬಂದವರು, ಎಲ್ಲರಿಗೂ ಪಾಲು ಸಿಗುತ್ತದೆ. ಆದರೆ ಆ ಹಲ್ಲೆಲೂಯಾಗಳಲ್ಲಿ ಒಂದೊಂದು ಅಕ್ಷರಕ್ಕೆ ಹಲವು ಸ್ವರಗಳಿವೆ, ನಾಲ್ಕೂ ಬೇರೆ ಬೇರೆ. ಕ್ವಾಯರ್‌ಗೆ ಮೊದಲು ಸರಿಗಮದಲ್ಲಿ ಕಲಿಸಿ, ಆಮೇಲೆ ಅಕ್ಷರ ಕೂರಿಸಿ. ಲೆಂಟ್‌ಗೆ ಮುಂಚೆ ಈ ಹಾಡನ್ನು ಸಭೆಯಲ್ಲಿ ಒಮ್ಮೆ ಹಾಡಿಸಿಟ್ಟರೆ ರಾಗ ಕಿವಿಯಲ್ಲಿ ಉಳಿಯುತ್ತದೆ.

ಇಂಗ್ಲಿಷ್ ರಾಗಕ್ಕೆ ಕನ್ನಡ ಮಾತು ಕೂರಿಸಿದ ಯಾವುದೇ ಹಾಡನ್ನು ಆರಿಸುವ ಮುಂಚೆ ಒಂಟಿಯಾಗಿ ಕೂತು ಒಮ್ಮೆ ದೊಡ್ಡದಾಗಿ ಹಾಡಿ ನೋಡಿ. ಉದ್ದನೆಯ ಸ್ವರದ ಮೇಲೆ ದೀರ್ಘಾಕ್ಷರ ಬಂದರೆ ಹಾಡು ಸಲೀಸು. ಹ್ರಸ್ವ ಬಂದು ಅದನ್ನು ಎಳೆಯಬೇಕಾದರೆ ಜನ ತಡವರಿಸುತ್ತಾರೆ. ಅಂಥ ಚರಣ ಬಿಟ್ಟುಬಿಡಿ, ಎಲ್ಲಾ ಚರಣ ಹಾಡಲೇಬೇಕೆಂಬ ನಿಯಮವೇನಿಲ್ಲ.

"ಥೈನ್ ಬಿ ದ ಗ್ಲೋರಿ" ಕೊನೆಯ ಹಾಡಿಗೆ ಒಳ್ಳೆಯದು. ಮಾತು ಸ್ವಿಟ್ಜರ್ಲೆಂಡಿನ ಎಡ್ಮಂಡ್ ಬುಡ್ರಿಯದು, 1884, ಫ್ರೆಂಚ್‌ನಲ್ಲಿ. ರಾಗ ಹ್ಯಾಂಡಲ್‌ನದು. ಇದೇ ರಾಗವನ್ನು ಜರ್ಮನರು ಕ್ರಿಸ್‌ಮಸ್ ಮುಂಚಿನ ಅಡ್ವೆಂಟ್‌ಗೆ ಹಾಡುತ್ತಾರೆ. ನಿಮ್ಮ ಸಭೆಯ ಹಿರಿಯರಿಗೆ ಹಾಗೆ ನೆನಪಿದ್ದರೆ ಮೊದಲೇ ಕೇಳಿಕೊಳ್ಳಿ. ಯುವಜನರಿಗೆ ಗೇದರ್ ದಂಪತಿಯ "ಬಿಕಾಸ್ ಹಿ ಲಿವ್ಸ್" (1971) ಇಡಿ, ಗಿಟಾರ್ ಒಂದೇ ಸಾಕು. ಅದರ ಎರಡನೆಯ ಚರಣ ಹಸುಗೂಸನ್ನು ಎತ್ತಿಕೊಂಡ ತಾಯ್ತಂದೆಯದು. ಆ ವರ್ಷ ಸಭೆಯಲ್ಲಿ ಮಗು ಹುಟ್ಟಿದ ಮನೆಯವರಿಗೆ ಆ ಚರಣ ಎತ್ತಿಕೊಡಲು ಹೇಳಿ. ಹ್ಯಾಂಡಲ್‌ನ "ಮೆಸ್ಸಾಯ"ದ ಹಲ್ಲೆಲೂಯಾ ಕೋರಸ್ ಹಾಡುವ ಆಸೆ ಎಲ್ಲಾ ಕ್ವಾಯರ್‌ಗೂ ಇರುತ್ತದೆ. ನಾಲ್ಕೂ ದನಿ ಭರ್ತಿಯಾಗಿದ್ದರೆ, ಟೆನರ್ ದನಿಯ ಗಂಡಸರು ಮೇಲಿನ ಸ್ವರಗಳನ್ನು ಕಿರುಚದೆ ಹಿಡಿಯಬಲ್ಲರಾದರೆ ಮಾತ್ರ ಕೈಹಾಕಿ. ಇಲ್ಲದಿದ್ದರೆ ಆ ಅಭ್ಯಾಸದ ಸಮಯವನ್ನು ಸಭೆಯ ಹಾಡಿಗೆ ಕೊಡಿ.

ಒಂದು ಹಬ್ಬಕ್ಕೆ ಒಂದೇ ಹೊಸ ಹಾಡು. ಉಳಿದದ್ದೆಲ್ಲ ಜನರಿಗೆ ಗೊತ್ತಿರುವುದೇ ಇರಲಿ. ಹಾಡಿನ ಹಾಳೆಯನ್ನು ದಪ್ಪ ಅಕ್ಷರದಲ್ಲಿ ಅಚ್ಚು ಹಾಕಿಸಿ, ಪಲ್ಲವಿಯನ್ನು ಪ್ರತಿ ಚರಣದ ಕೆಳಗೂ ಪೂರ್ತಿ ಬರೆಯಿಸಿ. ಹಾಳೆಯ ಮೇಲೆ ಹಿಂದೆ ಮುಂದೆ ಕಣ್ಣು ಓಡಿಸುವಷ್ಟರಲ್ಲಿ ಹಿರಿಯರಿಗೆ ಹಾಡು ಮುಂದೆ ಹೋಗಿರುತ್ತದೆ. ಶುಭ ಶುಕ್ರವಾರದ ದಿನ ಅಭ್ಯಾಸ ಇಟ್ಟುಕೊಳ್ಳಬೇಡಿ, ಅವತ್ತು ಗಂಟಲಿಗೂ ಮನಸ್ಸಿಗೂ ಬೇರೆ ಕೆಲಸವಿದೆ. ಶನಿವಾರ ಸಂಜೆ ಒಂದು ತಾಸು ಸಾಕು, ಅದೂ ಶುರುಮಾಡುವ ಮತ್ತು ನಿಲ್ಲಿಸುವ ಜಾಗಗಳನ್ನಷ್ಟೇ ನೋಡಿಕೊಳ್ಳಲು.

ಹಬ್ಬದ ಸಂಜೆಯ ಆರಾಧನೆಯನ್ನು ಬಹಳ ಸಭೆಗಳು ಬಿಟ್ಟೇಬಿಟ್ಟಿವೆ. ಮಧ್ಯಾಹ್ನದ ಬಿರಿಯಾನಿ ಆದ ಮೇಲೆ ಯಾರು ಬರುತ್ತಾರೆ ಅಂತಾರೆ. ಆದರೆ ಲೂಕ 24ರಲ್ಲಿ ಅದೇ ಸಂಜೆ ಎಮ್ಮಾಹುವಿನ ದಾರಿಯಲ್ಲಿ ಇಬ್ಬರು ಶಿಷ್ಯರು "ನಮ್ಮ ಸಂಗಡ ಇರು, ಹೊತ್ತು ಮುಳುಗುತ್ತಾ ಬಂತು" ಎಂದು ಯೇಸುವನ್ನು ಬಲವಂತ ಮಾಡಿದರು. ಹೆನ್ರಿ ಲೈಟ್ ಅವರ "ಅಬೈಡ್ ವಿದ್ ಮಿ" (1847) ಹುಟ್ಟಿದ್ದು ಆ ಮಾತಿನಿಂದ. ಗಣರಾಜ್ಯೋತ್ಸವ ಮುಗಿಸುವ ದೆಹಲಿಯ ಬೀಟಿಂಗ್ ರಿಟ್ರೀಟ್ ಸಮಾರಂಭದಲ್ಲಿ ಸೇನಾ ಬ್ಯಾಂಡ್‌ಗಳು ದಶಕಗಳ ಕಾಲ ನುಡಿಸಿದ, 2022ರಲ್ಲಿ ಕೈಬಿಟ್ಟ ರಾಗ ಅದೇ. ನಮ್ಮವರು ಇದನ್ನು ಸಾವಿನ ಮನೆಯ ಹಾಡು ಮಾಡಿಬಿಟ್ಟಿದ್ದಾರೆ. ನನಗೆ ಅದು ಮೊದಲಿಗೆ ಈಸ್ಟರ್ ಸಂಜೆಯ ಹಾಡು. ಗುಡಿಗೆ ಬರಲಾಗದಿದ್ದರೆ ಮನೆಯ ಪ್ರಾರ್ಥನೆಯಲ್ಲಾದರೂ ಹಾಡಿ, ಊಟಕ್ಕೆ ಕೂರುವ ಮುಂಚೆ.

ಎಲ್ಲಾ ಈಸ್ಟರ್ ಹಾಡನ್ನೂ ಒಂದೇ ದಿನ ಮುಗಿಸಬೇಡಿ. ಪವಿತ್ರಾತ್ಮ ಇಳಿದುಬಂದ ಹಬ್ಬವಾದ ಪಂಚಾಶತ್ತಮದವರೆಗೆ ಐವತ್ತು ದಿನ ಇದು ಪುನರುತ್ಥಾನದ ಕಾಲ. ಮುಂದಿನ ಭಾನುವಾರ, ಕಣ್ಣಾರೆ ಕಾಣದೆ ನಂಬೆನೆಂದ ಶಿಷ್ಯ ತೋಮನ ಕಥೆ ಓದುವಾಗ, ಲೌರಿಯ ಹಾಡನ್ನು ಮತ್ತೆ ಹಾಡಿಸಿ, ಹಬ್ಬದ ದಿನ ಕಲಿತದ್ದು ಆಗ ಗಟ್ಟಿಯಾಗುತ್ತದೆ. ನಲವತ್ತನೆಯ ದಿನ, ಗುರುವಾರ, ಸ್ವರ್ಗಾರೋಹಣಕ್ಕೆ "ಕ್ರೌನ್ ಹಿಮ್ ವಿದ್ ಮೆನಿ ಕ್ರೌನ್ಸ್" ಉಳಿಸಿಕೊಳ್ಳಿ. ಕೆಲಸದ ದಿನವಾದ್ದರಿಂದ ಆ ಸಂಜೆ ಜನ ಕಡಿಮೆ ಇರುತ್ತಾರೆ. ಕ್ವಾಯರ್‌ನವರು ತಮ್ಮ ಜಾಗ ಬಿಟ್ಟು ಬಂದವರ ನಡುವೆಯೇ ಕೂತು ಹಾಡಲಿ, ಕಪ್ಪು ಐದಕ್ಕೆ ಇಳಿಸಿಕೊಂಡು.