ಪಿನ್ ಬಂದ ಮೇಲೆ: ಬ್ರಿಟನ್ನಿನಲ್ಲಿರುವ ಕನ್ನಡದ ನರ್ಸ್‌ಗಳಿಗೆ ಎನ್‌ಎಂಸಿ ಬಗ್ಗೆ ಒಂದಿಷ್ಟು

ಸಿಬಿಟಿ (ಕಂಪ್ಯೂಟರ್ ಪರೀಕ್ಷೆ) ಆಯ್ತು, ಓಸ್ಕಿ (ಕೆಲಸ ಮಾಡಿ ತೋರಿಸುವ ಪರೀಕ್ಷೆ) ಆಯ್ತು, ಇಂಗ್ಲಿಷ್ ಪರೀಕ್ಷೆಯೂ ಹೇಗೋ ದಾಟಿತು. ಪಿನ್, ಅಂದರೆ ನರ್ಸ್ ರಿಜಿಸ್ಟ್ರೇಶನ್ ನಂಬರ್, ಬಂದ ದಿನ ಊರಿಗೆ ಫೋನ್ ಮಾಡಿ ಸಂಭ್ರಮ ಪಟ್ಟಿದ್ದೂ ಆಯ್ತು. ಆಮೇಲೆ ನಮ್ಮಲ್ಲಿ ಹೆಚ್ಚಿನವರು ಎನ್‌ಎಂಸಿಯನ್ನು ಮರೆತೇ ಬಿಡುತ್ತಾರೆ. ಮತ್ತೆ ನೆನಪಾಗುವುದು ವಾರ್ಡಿನಲ್ಲಿ ಯಾರಾದರೂ "ನಿನ್ನ ಪಿನ್ ಹೋಗುತ್ತೆ ನೋಡು" ಎಂದು ಹೆದರಿಸಿದಾಗ.

ಎನ್‌ಎಂಸಿ ಅಂದರೆ ನರ್ಸಿಂಗ್ ಅಂಡ್ ಮಿಡ್‌ವೈಫರಿ ಕೌನ್ಸಿಲ್. 2002ರಿಂದ ಈ ದೇಶದ ನರ್ಸ್ ಮತ್ತು ಮಿಡ್‌ವೈಫ್‌ಗಳ ರಿಜಿಸ್ಟರ್ ಇದರ ಕೈಯಲ್ಲಿದೆ. ಇದು ನಿಮಗೆ ಸಂಬಳ ಕೊಡುವ ಸಂಸ್ಥೆಯಲ್ಲ. ಆಸ್ಪತ್ರೆಯವರು ಕೆಲಸದಿಂದ ತೆಗೆಯಬಹುದು, ಪಿನ್ ಕಿತ್ತುಕೊಳ್ಳಲು ಅವರಿಗೆ ಆಗುವುದಿಲ್ಲ. ಇದು ನಿಮ್ಮ ಪರ ನಿಲ್ಲುವ ಸಂಘವೂ ಅಲ್ಲ. ವರ್ಷವರ್ಷ ಫೀಸು ಕಟ್ಟುತ್ತೇವಲ್ಲ, ಕಷ್ಟ ಬಂದಾಗ ಕೈಹಿಡಿಯುತ್ತಾರೆ ಎಂದು ತಿಳಿದವರನ್ನು ನಾನು ನೋಡಿದ್ದೇನೆ. ಇಲ್ಲ. ಎನ್‌ಎಂಸಿಯ ಕೆಲಸ ರೋಗಿಗಳನ್ನು ಕಾಯುವುದು. ನಿಮ್ಮನ್ನು ಕಾಯಲು ಆರ್‌ಸಿಎನ್ ಅಥವಾ ಯೂನಿಸನ್‌ನಂಥ ಯೂನಿಯನ್ ಬೇಕು. ತಿಂಗಳ ಚಂದಾ ಉಳಿಸಲು ಹೋಗಿ ಸೇರದೆ ಇರಬೇಡಿ. ಸಮಸ್ಯೆ ಶುರುವಾದ ಮೇಲೆ ಸೇರಿದರೆ ಆ ಹಳೇ ವಿಷಯಕ್ಕೆ ಸಹಾಯ ಸಿಗುವುದು ಕಷ್ಟ.

ನಿಯಮಗಳೆಲ್ಲ ಇರುವುದು 'ದ ಕೋಡ್' ಎಂಬ ಚಿಕ್ಕ ಪುಸ್ತಕದಲ್ಲಿ. ಈಗಿನದು 2015ರದ್ದು, 2018ರಲ್ಲಿ ಸ್ವಲ್ಪ ತಿದ್ದಿದ್ದಾರೆ. ಒಟ್ಟು 25 ಅಂಶಗಳು. ಒಂದು ಸಂಜೆ ಕೂತು ಓದಿದರೆ ಮುಗಿಯುತ್ತದೆ. ಓಸ್ಕಿಗೆ ಬಾಯಿಪಾಠ ಮಾಡಿದ್ದನ್ನು ಕೆಲಸಕ್ಕೆ ಸೇರಿದ ಆರು ತಿಂಗಳಿಗೆ ಇನ್ನೊಮ್ಮೆ ಓದಿ ನೋಡಿ, ಬೇರೆಯೇ ಅರ್ಥ ಕೊಡುತ್ತದೆ.

ಅದರಲ್ಲಿ ನಮಗೆ ಜಾಸ್ತಿ ಕಷ್ಟವಾಗುವುದು 14ನೇ ಅಂಶ. ತಪ್ಪಾದರೆ ಬಿಚ್ಚಿ ಹೇಳಬೇಕು, ರೋಗಿಗೂ ಹೇಳಬೇಕು, ಕ್ಷಮೆ ಕೇಳಬೇಕು. ಇಲ್ಲಿ ಇದನ್ನು 'ಡ್ಯೂಟಿ ಆಫ್ ಕ್ಯಾಂಡರ್' ಎನ್ನುತ್ತಾರೆ. ಮಿಡ್ ಸ್ಟಾಫರ್ಡ್‌ಶೈರ್ ಆಸ್ಪತ್ರೆಯಲ್ಲಿ ರೋಗಿಗಳು ವರ್ಷಗಟ್ಟಲೆ ನರಳಿದ್ದರ ಬಗ್ಗೆ 2013ರಲ್ಲಿ ಫ್ರಾನ್ಸಿಸ್ ವರದಿ ಬಂತು. ಗೊತ್ತಿದ್ದವರು ಬಾಯಿ ಬಿಡಲಿಲ್ಲ, ಬಿಟ್ಟವರ ಮಾತನ್ನು ಯಾರೂ ಕೇಳಲಿಲ್ಲ ಎನ್ನುವುದು ಅದರ ದೊಡ್ಡ ಪಾಠ. ಇಲ್ಲಿಯವರು ಈ ವಿಷಯಕ್ಕೆ ಇಷ್ಟೊಂದು ತೂಕ ಕೊಡುವುದು ಅದಕ್ಕೇ.

ನಾವು ಕಲಿತು ಬಂದ ರೀತಿ ಬೇರೆ. ಸೀನಿಯರ್ ಸಿಸ್ಟರ್ ಮುಂದೆ ತಪ್ಪು ಒಪ್ಪಿಕೊಂಡರೆ ಎಲ್ಲರೆದುರು ಬೈಗುಳ. ಹಾಗಾಗಿ ಒಳಗೊಳಗೇ ಮುಗಿಸುವುದು ರೂಢಿ. ಇಲ್ಲಿಗೆ ಬಂದ ಮೇಲೆ ಅದರ ಜೊತೆಗೆ ವೀಸಾ ಭಯ ಬೇರೆ. ಮೊದಲ ವರ್ಷ ನಾನು ಒಬ್ಬರಿಗೆ ಪ್ಯಾರಾಸಿಟಮಾಲ್ ಕೊಟ್ಟು, ಚಾರ್ಟ್ ತಿರುಗಿಸಿದರೆ, ಎರಡೇ ಗಂಟೆ ಹಿಂದೆ ಇನ್ನೊಬ್ಬರು ಕೊಟ್ಟಿದ್ದರು. ಕೈಕಾಲು ತಣ್ಣಗಾಯಿತು. ಹೇಳಲೋ ಬೇಡವೋ ಎಂದು ಬೆಡ್‌ಪ್ಯಾನ್ ತೊಳೆಯುವ ಸ್ಲೂಯಿಸ್ ರೂಮಿನಲ್ಲಿ ಐದು ನಿಮಿಷ ನಿಂತಿದ್ದೆ. ಆಮೇಲೆ ಇನ್‌ಚಾರ್ಜ್‌ಗೆ ಹೇಳಿದೆ, ಡಾಕ್ಟರಿಗೆ ತಿಳಿಸಿದೆವು, ರೋಗಿಯ ಹತ್ತಿರ ಹೋಗಿ ಸಾರಿ ಕೇಳಿದೆ, ಡೇಟಿಕ್ಸ್ (ತಪ್ಪು, ಅವಘಡ ವರದಿ ಮಾಡುವ ಆನ್‌ಲೈನ್ ಫಾರ್ಮ್) ತುಂಬಿದೆ. ಆ ರೋಗಿ "ಥ್ಯಾಂಕ್ಯೂ ಫಾರ್ ಟೆಲ್ಲಿಂಗ್ ಮಿ, ಲವ್" ಎಂದು ಚಹಾ ಕುಡಿಯಲು ಶುರು ಮಾಡಿದರು. ಅದೇ ನಾನು ಚಾರ್ಟಿನಲ್ಲಿ ಸಮಯ ತಿದ್ದಿದ್ದರೆ? ಮಾಡಿದ್ದು ಔಷಧದ ತಪ್ಪು ಎನಿಸಿಕೊಳ್ಳುತ್ತಿರಲಿಲ್ಲ, ಮೋಸ ಎನಿಸಿಕೊಳ್ಳುತ್ತಿತ್ತು. ಒಂದು ತಪ್ಪನ್ನು ತರಬೇತಿಯಿಂದ ಸರಿಪಡಿಸಬಹುದು. ಸುಳ್ಳು ಬರೆದವರನ್ನು ಮತ್ತೆ ನಂಬುವುದು ಹೇಗೆ ಎನ್ನುವುದೇ ಎನ್‌ಎಂಸಿ ಪ್ಯಾನೆಲ್‌ನ ಪ್ರಶ್ನೆ.

ಇನ್ನು ಸಣ್ಣ ಸಣ್ಣ ವಿಷಯಗಳು, ಆದರೆ ನಮ್ಮವರು ಎಡವುವುದು ಇಲ್ಲೇ. ರೋಗಿಯ ಮನೆಯವರು ಕೊಟ್ಟ ಚಾಕೊಲೇಟ್ ಡಬ್ಬ ವಾರ್ಡಿಗೆ ಹಂಚಿದರೆ ಯಾರೂ ಏನೂ ಅನ್ನುವುದಿಲ್ಲ. ನೋಟಿರುವ ಲಕೋಟೆಯನ್ನು ಮಾತ್ರ ಮುಟ್ಟಬೇಡಿ. ರೋಗಿಯಿಂದಾಗಲಿ ಅವರ ಕಡೆಯವರಿಂದಾಗಲಿ ಸಾಲ ತೆಗೆದುಕೊಳ್ಳುವುದನ್ನು ಕೋಡ್ ನೇರವಾಗಿ ಬೇಡ ಎಂದಿದೆ. ರೋಗಿಯ ಹಾಸಿಗೆ ಪಕ್ಕ ನಿಂತು ಇಬ್ಬರು ಕನ್ನಡದಲ್ಲಿ ಮಾತಾಡಿದರೆ ಆ ರೋಗಿಗೆ ತನ್ನ ಬಗ್ಗೆಯೇ ಏನೋ ಹೇಳುತ್ತಿದ್ದಾರೆ ಅನಿಸುತ್ತದೆ. ಬ್ರೇಕ್ ರೂಮಿನಲ್ಲಿ ಎಷ್ಟು ಬೇಕಾದರೂ ಹರಟಿ. ವಾಟ್ಸಾಪ್ ಗುಂಪಿಗೆ ವಾರ್ಡಿನ ಫೋಟೋ ಹಾಕುವ ಮುನ್ನ ಹಿಂದೆ ಬೋರ್ಡಿನಲ್ಲಿ ಯಾರದಾದರೂ ಹೆಸರು ಕಾಣುತ್ತಿದೆಯಾ ನೋಡಿ. ಸುಮ್ನೆ ಹಾಕದೇ ಇರುವುದೇ ವಾಸಿ, ಅಲ್ವಾ? ಕುಡಿದು ಕಾರು ಓಡಿಸಿ ಕೇಸಾದರೂ ಎನ್‌ಎಂಸಿಗೆ ನೀವೇ ತಿಳಿಸಬೇಕು. ಡ್ಯೂಟಿಯಲ್ಲಿ ಇರಲಿಲ್ಲ ಎನ್ನುವ ಸಮಜಾಯಿಷಿ ನಡೆಯುವುದಿಲ್ಲ.

ದೂರು ಹೋದರೆ ಏನಾಗುತ್ತದೆ? ರಿಜಿಸ್ಟರಿನಲ್ಲಿ 8 ಲಕ್ಷಕ್ಕೂ ಹೆಚ್ಚು ಜನರಿದ್ದಾರೆ. ವರ್ಷಕ್ಕೆ ನೂರರಲ್ಲಿ ಒಬ್ಬರ ಮೇಲೂ ದೂರು ಬರುವುದಿಲ್ಲ. ಬಂದವುಗಳಲ್ಲೂ ಹೆಚ್ಚಿನವು ವಿಚಾರಣೆಯ ತನಕ ಹೋಗುವುದಿಲ್ಲ. ಮೊದಲು ಸ್ಕ್ರೀನಿಂಗ್, ಆಮೇಲೆ ತನಿಖೆ, ಆಮೇಲೆ ಕೇಸು ಮುಂದೆ ಹೋಗಬೇಕೋ ಬೇಡವೋ ನೋಡುವ ಕೇಸ್ ಎಕ್ಸಾಮಿನರ್‌ಗಳು, ಕೊನೆಗೆ ನೀವು ನರ್ಸ್ ಕೆಲಸಕ್ಕೆ ಯೋಗ್ಯರೇ ಎಂದು ವಿಚಾರಿಸುವ ಫಿಟ್‌ನೆಸ್ ಟು ಪ್ರಾಕ್ಟೀಸ್ ಪ್ಯಾನೆಲ್. ಪ್ಯಾನೆಲ್ 1ರಿಂದ 5 ವರ್ಷದ ಕಾಷನ್ (ಎಚ್ಚರಿಕೆ) ಕೊಡಬಹುದು, ಷರತ್ತು ಹಾಕಬಹುದು, 1 ವರ್ಷದವರೆಗೆ ಸಸ್ಪೆಂಡ್ ಮಾಡಬಹುದು. ಹೆಸರು ಕಿತ್ತುಹಾಕಿದರೆ 5 ವರ್ಷ ಮರಳಿ ಅರ್ಜಿ ಹಾಕುವಂತಿಲ್ಲ. ತೀರ್ಪು ಸರಿಯಿಲ್ಲ ಅನಿಸಿದರೆ ಕೋರ್ಟಿಗೆ ಹೋಗಲು 28 ದಿನ ಇರುತ್ತದೆ. ಇದೆಲ್ಲ ವರ್ಷಗಟ್ಟಲೆ ಎಳೆಯುತ್ತದೆ, ಆ ಕಾಯುವಿಕೆಯೇ ಒಂದು ಶಿಕ್ಷೆ. ಪತ್ರ ಬಂದ ರಾತ್ರಿಯೇ ಉದ್ದದ ಉತ್ತರ ಬರೆದು ಕಳಿಸಬೇಡಿ. ಮೊದಲು ಯೂನಿಯನ್‌ಗೆ ಫೋನ್ ಮಾಡಿ.

ಕೊನೆಯದಾಗಿ ರೀವ್ಯಾಲಿಡೇಶನ್. ರಿಜಿಸ್ಟರಿನಲ್ಲಿ ಉಳಿಯಲು ಮೂರು ವರ್ಷಕ್ಕೊಮ್ಮೆ ಇದನ್ನು ಮಾಡಬೇಕು. 450 ಗಂಟೆ ಕೆಲಸ, 35 ಗಂಟೆ ಕಲಿಕೆ, ಅದರಲ್ಲಿ 20 ಬೇರೆಯವರ ಜೊತೆ ಸೇರಿ ಕಲಿತದ್ದು. ಐದು ಫೀಡ್‌ಬ್ಯಾಕ್, ಐದು ರಿಫ್ಲೆಕ್ಷನ್ (ಆದದ್ದರಿಂದ ಏನು ಕಲಿತೆ ಎಂಬ ಬರಹ), ಇನ್ನೊಬ್ಬ ನರ್ಸ್ ಜೊತೆ ಅದರ ಬಗ್ಗೆ ಮಾತುಕತೆ. ಕೊನೇ ವಾರ ಕೂತು ಐದು ರಿಫ್ಲೆಕ್ಷನ್ ಹೊಸೆಯುವ ಬದಲು, ಆದದ್ದನ್ನು ಆದಾಗಲೇ ನಾಲ್ಕು ಸಾಲು ಬರೆದಿಡಿ. ರೋಗಿಯ ಹೆಸರು ಬೇಡ. ಮನೆ ಬದಲಿಸಿದರೆ ಎನ್‌ಎಂಸಿ ಆನ್‌ಲೈನ್‌ನಲ್ಲಿ ವಿಳಾಸ ಬದಲಿಸಿ, ಇಮೇಲ್ ಬದಲಾದರೂ ಅಷ್ಟೇ. ನೋಟಿಸು ಹಳೇ ಇಮೇಲಿಗೆ ಹೋಗಿ ತಾರೀಖು ತಪ್ಪಿದರೆ ರಿಜಿಸ್ಟ್ರೇಶನ್ ರದ್ದಾಗುತ್ತದೆ. ಮತ್ತೆ ಸೇರಿಸಿಕೊಳ್ಳುವ ತನಕ ನೀವು ನರ್ಸ್ ಆಗಿ ಒಂದು ಶಿಫ್ಟ್ ಕೂಡ ಮಾಡುವಂತಿಲ್ಲ.